ದಿನಾ ವಾಕಿಂಗ್ ಮಾಡಿದರೂ ತೂಕ ಇಳೀತಿಲ್ವಾ? ವೇಗ ಬದಲಿಸಿ ನೋಡಿ

ಗಂಟೆಗಟ್ಟಲೆ ಒಂದೇ ಹದದಲ್ಲಿ ನಡೆಯುವ ಬದಲು 3 ನಿಮಿಷ ಬಿರುಸಾಗಿ, 3 ನಿಮಿಷ ನಿಧಾನವಾಗಿ, ಹೀಗೆ ಬದಲಿಸುತ್ತಾ ನಡೆಯಿರಿ. ಬಿರುಸು ಅಂದರೆ ಮಾತಾಡಲು ಆಗಬೇಕು, ಹಾಡಲು ಮಾತ್ರ ಉಸಿರು ಸಾಲಬಾರದು, ಅಷ್ಟು. ಪದೇ ಪದೇ ಗಡಿಯಾರ ನೋಡೋದು ಕಿರಿಕಿರಿ ಅನಿಸಿದರೆ 300 ಹೆಜ್ಜೆ ಎಣಿಸಿ, ಸಾಕು. ವೇಗ ಏರಿದಾಗ ಹೃದಯವೂ ಕಾಲಿನ ಸ್ನಾಯುಗಳೂ ಜಾಸ್ತಿ ದುಡಿಯಬೇಕು, ಹಾಗಾಗಿ ಅಷ್ಟೇ ಹೊತ್ತಿನಲ್ಲಿ ಹೆಚ್ಚು ಕ್ಯಾಲೊರಿ ಕರಗುತ್ತದೆ. ಆದರೆ ನಡೆದು ಬಂದ ಹಸಿವಿಗೆ ಎರಡು ತುತ್ತು ಜಾಸ್ತಿ ಇಳಿಸಿದರೆ ಮಾಡಿದ್ದೆಲ್ಲ ಸುಮ್ನೆ ಹೋಗುತ್ತದೆ. ಲೆಕ್ಕ ನೋಡಿ: 70 ಕೆಜಿ ಇರುವವರು ಸಾಧಾರಣ ವೇಗದಲ್ಲಿ ಒಂದು ಗಂಟೆ ನಡೆದರೆ ಕರಗುವುದು ಸುಮಾರು 250 ಕ್ಯಾಲೊರಿ. ಒಂದು ಕೆಜಿ ಕೊಬ್ಬಿನಲ್ಲಿ ಇರುವುದು ಸುಮಾರು 7,700. ಊಟ ಹೆಚ್ಚಿಸದಿದ್ದರೂ ಒಂದು ಕೆಜಿಗೆ ಒಂದು ತಿಂಗಳು ಬೇಕು, ಅಲ್ವಾ? ಅದಕ್ಕೇ ಮೊದಲ ವಾರವೇ ತೂಕದ ಯಂತ್ರ ನೋಡಿ ಬೇಜಾರು ಮಾಡಿಕೊಳ್ಳಬೇಡಿ, ದಯವಿಟ್ಟು. ಮಂಡಿ ನೋವು ಇರುವವರಿಗೆ ಈ ಬಿರುಸು ಆಗಿಬರದೇ ಇರಬಹುದು. ಹೃದಯದ ತೊಂದರೆ ಇದ್ದರೆ ಡಾಕ್ಟರನ್ನು ಕೇಳಿಯೇ ಶುರು ಮಾಡಿ.