ನಲವತ್ತೇಳರಲ್ಲಿ ಕ್ಲಚ್ಚು: ಕಾಸರಗೋಡಿನಲ್ಲಿ ಲೈಸೆನ್ಸ್ ಮಾಡಿಸುವವರಿಗೆ

ಅತ್ತೆಗೆ ರಾತ್ರಿ ಹನ್ನೊಂದಕ್ಕೆ ಎದೆನೋವು ಬಂದ ದಿನ ಅಂಗಳದಲ್ಲಿ ಕಾರು ಇತ್ತು, ಓಡಿಸುವವರು ಇರಲಿಲ್ಲ. ಯಜಮಾನರಿಗೆ ಕಣ್ಣಿನ ಪೊರೆ ತೆಗೆಸಿ ನಾಲ್ಕು ದಿನವಷ್ಟೇ ಆಗಿತ್ತು. ಮಗ ಬೆಂಗಳೂರಿನಲ್ಲಿ. ಪೆರ್ಲದಿಂದ ಒಳಗಿರುವ ನಮ್ಮ ಮನೆಗೆ ಆ ಹೊತ್ತಿನಲ್ಲಿ ರಿಕ್ಷಾ ಕೂಡ ಬರುವುದಿಲ್ಲ. ಕೊನೆಗೆ ನೆರೆಮನೆಯ ಹುಡುಗ ನಿದ್ದೆಗಣ್ಣಿನಲ್ಲಿ ಎದ್ದು ಬಂದು ಮಂಗಳೂರಿಗೆ ಕರೆದೊಯ್ದ. ಗ್ಯಾಸ್ಟ್ರಿಕ್ ಎಂದರು. ಬೆಳಿಗ್ಗೆ ಅತ್ತೆ ಗಂಜಿ ಕುಡಿದು ಸುಖವಾಗಿ ಮಲಗಿದರು, ನಾನು ಮಲಗಲಿಲ್ಲ. ಅದರ ಮರುವಾರವೇ ಡ್ರೈವಿಂಗ್ ಶಾಲೆಗೆ ಸೇರಿದೆ. ಕಾರು ಓಡಿಸಿ ತೋರಿಸುವ ಮೊದಲ ಪರೀಕ್ಷೆಯಲ್ಲಿ ಫೇಲಾದೆ. ಯಾಕೆ ಫೇಲಾದೆ ಎಂಬುದನ್ನು ಮುಂದೆ ಸಾವಕಾಶವಾಗಿ ಹೇಳುತ್ತೇನೆ, ಈ ಬರಹದಲ್ಲಿ ಹೆಚ್ಚು ಪ್ರಯೋಜನಕ್ಕೆ ಬರುವ ಭಾಗ ಅದೇ.

ಮೊದಲು ಕಾಗದಪತ್ರ. ಅರ್ಜಿ ಹಾಕುವುದು ಪರಿವಾಹನ್‌ನ ಸಾರಥಿ ಜಾಲತಾಣದಲ್ಲಿ. ಮೊಬೈಲಿನಲ್ಲಿ ತಾವೇ ಮಾಡಬಹುದು, ಆಗದಿದ್ದರೆ ಸರ್ಕಾರಿ ಅರ್ಜಿ ತುಂಬಿಕೊಡುವ ಅಕ್ಷಯ ಕೇಂದ್ರಕ್ಕೆ ಹೋಗಬಹುದು. ವಯಸ್ಸಿನ ದಾಖಲೆ, ವಿಳಾಸದ ದಾಖಲೆ, ಫೋಟೊ, ಸಹಿ ಬೇಕು. 40 ದಾಟಿದವರು ವೈದ್ಯರ ಸಹಿಯಿರುವ 1ಎ ನಮೂನೆಯನ್ನು ಕೊಡಲೇಬೇಕು. ಕೇಂದ್ರದ ನಿಯಮದ ಪ್ರಕಾರ ಕಲಿಕಾ ಪರವಾನಗಿಗೆ ವಾಹನದ ಒಂದೊಂದು ವರ್ಗಕ್ಕೆ 150 ರೂಪಾಯಿ, ಪರೀಕ್ಷೆಗೆ 50 ರೂಪಾಯಿ. ಇದರ ಮೇಲೆ ಸೇವಾ ಶುಲ್ಕ ಸೇರುತ್ತದೆ. ಡ್ರೈವಿಂಗ್ ಶಾಲೆಯವರು ಒಟ್ಟು ಮೊತ್ತ ಹೇಳಿದಾಗ ಅದರಲ್ಲಿ ಸರ್ಕಾರಕ್ಕೆ ಹೋಗುವುದು ಎಷ್ಟು, ಶಾಲೆಗೆ ಎಷ್ಟು ಎಂದು ಕೇಳಿಕೊಳ್ಳಿ. ಕೇಳುವುದರಲ್ಲಿ ನಾಚಿಕೆಯಿಲ್ಲ.

ನಮ್ಮ ಕಡೆಯವರಿಗೆ ನಿಜವಾದ ತೊಡಕು ಹೆಸರಿನದು. ನನ್ನ ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ಹೆಸರಿನ ಜೊತೆಗೆ ತವರಿನ ಇನಿಶಿಯಲ್, ಆಧಾರಿನಲ್ಲಿ ಗಂಡನ ಹೆಸರು, ಪಡಿತರ ಚೀಟಿಯಲ್ಲಿ ಇವೆರಡೂ ಇಲ್ಲ, ಬರಿಯ ಮನೆಹೆಸರು. ಅಕ್ಷಯ ಕೇಂದ್ರದ ಹುಡುಗಿ ಮೂರನ್ನೂ ಸಾಲಾಗಿ ಇಟ್ಟು, "ಅಕ್ಕ, ಇದರಲ್ಲಿ ನೀವು ಯಾರು?" ಎಂದಳು. ಆಧಾರನ್ನು ಸರಿಪಡಿಸಿಕೊಂಡು ಬರುವಷ್ಟರಲ್ಲಿ ಮೂರು ವಾರ ಕಳೆಯಿತು. ಅರ್ಜಿಗೆ ಕೈ ಹಾಕುವ ಮೊದಲೇ ಎಲ್ಲ ದಾಖಲೆಗಳನ್ನು ಮೇಜಿನ ಮೇಲೆ ಹರಡಿ, ಹೆಸರಿನ ಒಂದೊಂದು ಅಕ್ಷರವನ್ನೂ ತಾಳೆ ನೋಡಿ.

ಕರ್ನಾಟಕದ ಗಡಿಯ ಪ್ರಶ್ನೆಯನ್ನೂ ಇಲ್ಲಿಯೇ ಮುಗಿಸುತ್ತೇನೆ. "ಆಚೆ ಕಡೆ ಪರೀಕ್ಷೆ ಸುಲಭವಂತೆ, ಅಲ್ಲಿನ ನೆಂಟರ ವಿಳಾಸ ಕೊಟ್ಟು ಮಾಡಿಸು" ಎಂದು ನನಗೂ ಇಬ್ಬರು ಹೇಳಿದರು. ಅರ್ಜಿ ಹಾಕಬೇಕಾದದ್ದು ನಾವು ವಾಸವಿರುವ, ಇಲ್ಲವೇ ಕಸುಬು ನಡೆಸುವ ರಾಜ್ಯದಲ್ಲಿ. ಸುಳ್ಳು ವಿಳಾಸದ ಲೈಸೆನ್ಸ್ ಇಟ್ಟುಕೊಂಡು ಜೀವಮಾನವಿಡೀ ಹೆದರುವುದಕ್ಕಿಂತ ಕೇರಳದ ಪರೀಕ್ಷೆಯಲ್ಲಿ ಕಾರನ್ನು 'ಎಚ್' ಅಕ್ಷರದ ಆಕಾರದಲ್ಲಿ ಓಡಿಸಿ ಎಚ್ ಹಾಕುವುದೇ ಸುಲಭ. ಅಲ್ಲದೆ, ಕಲಿಕಾ ಪರವಾನಗಿಯೂ ಪೂರ್ಣ ಪರವಾನಗಿಯೂ ದೇಶದಾದ್ಯಂತ ನಡೆಯುತ್ತವೆ. ಕೇರಳದ ಅಡ್ಕಸ್ಥಳ ದಾಟಿ ಕರ್ನಾಟಕದ ಸಾರಡ್ಕಕ್ಕೆ ಹೋದ ಕೂಡಲೇ ನಿಮ್ಮ ಲೈಸೆನ್ಸ್ ಬೇರೆಯಾಗುವುದಿಲ್ಲ.

ಕಲಿಕಾ ಪರೀಕ್ಷೆಯನ್ನು ಕಂಪ್ಯೂಟರಿನ ಮುಂದೆ ಕುಳಿತು ಬರೆಯಬೇಕು. ನಾನು ಬರೆದಾಗ 20 ಪ್ರಶ್ನೆಗಳಿದ್ದವು, 12 ಸರಿಯಾದರೆ ಸಾಕಿತ್ತು. 2025ರ ಅಕ್ಟೋಬರಿನಿಂದ ಕೇರಳದಲ್ಲಿ 30 ಪ್ರಶ್ನೆಗಳು, 18 ಸರಿಯಾಗಬೇಕು, ಒಂದೊಂದಕ್ಕೆ 30 ಸೆಕೆಂಡು. ಭಾಷೆ ಆರಿಸುವ ಜಾಗದಲ್ಲಿ ಅವಸರ ಮಾಡಬೇಡಿ. ದಿನವೂ ಪೇಟೆಯಲ್ಲಿ ಮಲಯಾಳ ಮಾತನಾಡುತ್ತೇನಲ್ಲ ಎಂಬ ಧೈರ್ಯದಲ್ಲಿ ನಾನು ಅದನ್ನೇ ಆರಿಸಿದೆ. ಮೀನು ಮಾರುವವನ ಹತ್ತಿರ ಚೌಕಾಶಿ ಮಾಡುವ ಮಲಯಾಳವೇ ಬೇರೆ, ಪ್ರಶ್ನೆಪತ್ರಿಕೆಯ ಮಲಯಾಳವೇ ಬೇರೆ ಎಂದು ಎರಡನೇ ಪ್ರಶ್ನೆಗೇ ತಿಳಿಯಿತು. 'ವೇಗಪರಿಧಿ' ಅರ್ಥವಾಯಿತು. 'ಮುನ್ನರಿಯಿಪ್ಪ್' ಎಂದರೆ ಎಚ್ಚರಿಕೆ ಎಂದು ಊಹಿಸಿದೆ. 'ಮರಿಕಡಕ್ಕುಕ' ಎಂದು ಕಂಡಾಗ ದನದ ಕರುವೋ ಆಡಿನ ಮರಿಯೋ ರಸ್ತೆ ದಾಟುವ ಚಿತ್ರ ಕಣ್ಣ ಮುಂದೆ ಬಂತು, ಅದಕ್ಕೆ ತಕ್ಕ ಉತ್ತರವನ್ನೂ ಒತ್ತಿದೆ. ಅದರ ಅರ್ಥ ಮುಂದಿನ ವಾಹನವನ್ನು ಹಿಂದಿಕ್ಕುವುದು! 13 ಸರಿಯಾಗಿ ಹೇಗೋ ಪಾರಾದೆ. ಮಾತನಾಡುವ ಭಾಷೆಯನ್ನಲ್ಲ, ಬೇಗ ಓದಲು ಬರುವ ಭಾಷೆಯನ್ನು ಆರಿಸಿ.

ನನ್ನನ್ನು ಪಾರುಮಾಡಿದ್ದು ಚಿತ್ರಗಳು. ರಸ್ತೆಯ ಫಲಕಗಳಿಗೆ ಮಲಯಾಳವೂ ಇಲ್ಲ, ಕನ್ನಡವೂ ಇಲ್ಲ. ಅವುಗಳನ್ನು ಒಂದೊಂದಾಗಿ ಬಾಯಿಪಾಠ ಮಾಡಬೇಡಿ, ಆಕಾರದಿಂದ ಹಿಡಿಯಿರಿ. ಕೆಂಪು ಅಂಚಿನ ತ್ರಿಕೋನವೆಂದರೆ ಎಚ್ಚರಿಕೆ: ತಿರುವು, ಶಾಲೆ, ಕಿರಿದಾದ ಸೇತುವೆ. ವೃತ್ತವೆಂದರೆ ಆಜ್ಞೆ, ಮೀರಿದರೆ ದಂಡ. ನೀಲಿ ಚೌಕವೆಂದರೆ ಮಾಹಿತಿ: ಆಸ್ಪತ್ರೆ, ಪೆಟ್ರೋಲ್ ಪಂಪು. ಈ ಲೆಕ್ಕಕ್ಕೆ ಸಿಗದವು ಎರಡು: ಎಂಟು ಮೂಲೆಯದು 'ನಿಲ್ಲು', ತಲೆಕೆಳಗಾದ ತ್ರಿಕೋನ 'ದಾರಿ ಬಿಡು'. ಮತ್ತೆ ಮತ್ತೆ ಬರುವ ಪ್ರಶ್ನೆಗಳು ಕೆಲವಿವೆ. ಏರುದಾರಿಯಲ್ಲಿ ಎದುರುಬದುರಾದರೆ ಮೇಲೆ ಹತ್ತುವ ವಾಹನಕ್ಕೆ ದಾರಿ ಬಿಡಬೇಕು. ವೃತ್ತದಲ್ಲಿ ಬಲಗಡೆಯಿಂದ ಬರುವ ವಾಹನಕ್ಕೆ ಬಿಡಬೇಕು. ಕೆಂಪು ದೀಪ ಮಿನುಗುತ್ತಿದ್ದರೆ ನಿಂತು ನೋಡಿ ಹೋಗಬೇಕು. ಇಷ್ಟನ್ನು ಗಟ್ಟಿ ಮಾಡಿಕೊಂಡರೆ ಅರ್ಧ ಭಾರ ಇಳಿದಂತೆ.

ಕಲಿಕಾ ಪರವಾನಗಿಯ ಆಯುಸ್ಸು 6 ತಿಂಗಳು. 30 ದಿನ ಕಳೆಯದೆ ಪೂರ್ಣ ಪರೀಕ್ಷೆಗೆ ಹೋಗುವಂತಿಲ್ಲ. ಪರೀಕ್ಷೆಯ ದಿನಾಂಕ ಬೇಗ ಸಿಗುತ್ತದೆಂದು ನಂಬಿ ಕೂರಬೇಡಿ, 30 ದಿನ ಮುಗಿದ ಕೂಡಲೇ ಹುಡುಕಲು ತೊಡಗಿ. ಅಲ್ಲಿಯವರೆಗೆ ಓಡಿಸುವಾಗ ಲೈಸೆನ್ಸ್ ಇರುವವರು ಪಕ್ಕದಲ್ಲಿ ಇರಬೇಕು, ಕಾರಿನ ಹಿಂದೆಯೂ ಮುಂದೆಯೂ ಬಿಳಿ ಹಲಗೆಯ ಮೇಲೆ ಕೆಂಪು 'ಎಲ್' ಇರಬೇಕು. 'ಎಲ್' ಹಾಕಿದರೆ ಮರ್ಯಾದೆ ಹೋಗುತ್ತದೆ ಎಂದು ಯಜಮಾನರು ಗೊಣಗಿದರು. ನನ್ನ ಅನುಭವದಲ್ಲಿ ಅದನ್ನು ಕಂಡರೆ ಖಾಸಗಿ ಬಸ್ಸಿನವರು ಕೂಡ ಒಂದು ಮಾರು ದೂರ ಉಳಿಯುತ್ತಾರೆ.

ಇನ್ನು ಕಲಿಸುವವರು. ಕೇರಳದಲ್ಲಿ ಅವರನ್ನು ಆಶಾನ್ ಎನ್ನುತ್ತಾರೆ. ನಮ್ಮ ಆಶಾನ್ ಕಾಞಂಗಾಡಿನ ಕಡೆಯವರು, ನನ್ನನ್ನು "ಅಕ್ಕ" ಎಂದೇ ಕರೆಯುತ್ತಿದ್ದರು. ಆದರೆ ಕಾರು ಚರಂಡಿಯ ಕಡೆ ಹೊರಳಿದಾಗ ಅವರ ಬಾಯಿಂದ ಬರುವುದು ಮಲಯಾಳವೊಂದೇ. 'ವಲತ್ತ್' ಎಂದರೆ ಬಲ, 'ಇಡತ್ತ್' ಎಂದರೆ ಎಡ. ತುಳು ಬಲ್ಲ ನಮಗೆ ಇದು ಕಷ್ಟವಲ್ಲ. 'ನೇರೆ' ಎಂದರೆ ನೇರ. 'ತಿರಿಕ್ಕ್' ಎಂದರೆ ತಿರುಗಿಸು. ಎಡವಟ್ಟಾಗುವುದು 'ಚವಿಟ್ಟ್' ಎಂಬಲ್ಲಿ. ಮೆಟ್ಟು ಎಂದರ್ಥ, ಯಾವುದನ್ನು ಮೆಟ್ಟಬೇಕೆಂದು ಆಶಾನ್ ಹೇಳುವುದಿಲ್ಲ. ಮೊದಲ ದಿನ ಅವರು ಬ್ರೇಕ್ ಎಂದುಕೊಂಡು ಹೇಳಿದರು, ನಾನು ಆಕ್ಸಿಲರೇಟರ್ ಮೆಟ್ಟಿದೆ. ಅವರ ಬದಿಯಲ್ಲೂ ಒಂದು ಬ್ರೇಕ್ ಇದ್ದುದರಿಂದ ಯಾರದೋ ಮುರಕಲ್ಲಿನ ಪಾಗಾರ ಉಳಿಯಿತು. ಕಾರು ಚಲಿಸುವ ಮೊದಲೇ ಈ ಐದಾರು ಶಬ್ದಗಳನ್ನು ಕೇಳಿ ತಿಳಿದುಕೊಳ್ಳಿ. ಪರೀಕ್ಷೆಯ ದಿನ ಪಕ್ಕದಲ್ಲಿ ಕೂರುವ ಅಧಿಕಾರಿಯ ಬಾಯಲ್ಲೂ ಇವೇ ಬರಬಹುದು.

ಈಗ ಎಚ್. ಇಂಗ್ಲಿಷಿನ ಆ ಅಕ್ಷರದ ಆಕಾರದಲ್ಲಿ ಕಂಬಗಳನ್ನು ನೆಟ್ಟಿರುತ್ತಾರೆ. ಒಂದು ಕಾಲಿನಲ್ಲಿ ಮುಂದೆ ಹೋಗಿ, ಹಿಂದಕ್ಕೆ ಸರಿಯುತ್ತ ನಡುವಿನ ಅಡ್ಡದಾರಿಯಲ್ಲಿ ಇನ್ನೊಂದು ಕಾಲಿಗೆ ದಾಟಬೇಕು. ಕಂಬ ತಾಗಿದರೆ ಮುಗಿಯಿತು. ಶಾಲೆಗಳಲ್ಲಿ ಇದನ್ನು ಸೂತ್ರದಂತೆ ಕಲಿಸುತ್ತಾರೆ: ಇಂಥ ಕಂಬ ಹಿಂಬದಿಯ ಗಾಜಿನ ಮೂಲೆಗೆ ಬಂದಾಗ ಪೂರ್ತಿ ತಿರುಗಿಸು, ಇಂಥದ್ದು ಕನ್ನಡಿಯಲ್ಲಿ ಕಂಡಾಗ ನೇರ ಮಾಡು. ಹದಿನೈದು ದಿನ ನಾನು ಹೀಗೆ ಮಾಡಿ ಒಮ್ಮೆಯೂ ತಪ್ಪಿರಲಿಲ್ಲ. ಬೇಳದ ಪರೀಕ್ಷಾ ಮೈದಾನಕ್ಕೆ ಹೋದಾಗ ಕಾರೂ ಅದೇ, ಸೂತ್ರವೂ ಬಾಯಲ್ಲಿತ್ತು. ಆದರೆ ನನಗಿಂತ ಮೊದಲು ಓಡಿಸಿದವನು ಆರಡಿ ಎತ್ತರದ ಹುಡುಗ, ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದ್ದ. ಹಿಂದೆ ಅಷ್ಟು ಜನ ಕಾಯುತ್ತಿದ್ದಾರೆ, ಸೀಟು ಸರಿಮಾಡುತ್ತ ಕೂತರೆ ಏನೆಂದುಕೊಂಡಾರು ಎಂದು ಹಾಗೆಯೇ ಹೊರಟೆ. ಕಾಲು ಕ್ಲಚ್ಚಿಗೆ ಅರ್ಧವಷ್ಟೇ ಎಟುಕುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ ಕಣ್ಣು ಒಂದು ಗೇಣು ಹಿಂದಕ್ಕೆ ಹೋಗಿತ್ತು. ಕಂಬ ಗಾಜಿನ ಮೂಲೆಗೆ ಬಂದದ್ದು ಬೇರೆ ಹೊತ್ತಿಗೆ. ಸೂತ್ರದಂತೆ ತಿರುಗಿಸಿದೆ, ಟಕ್ ಎಂದಿತು.

ಆದ್ದರಿಂದ ಕಾರಿಗೆ ಹತ್ತಿದ ಕೂಡಲೇ, ಎಷ್ಟೇ ಜನ ಕಾಯುತ್ತಿರಲಿ, ಮೊದಲು ಸೀಟು. ಕ್ಲಚ್ಚನ್ನು ಪೂರ್ತಿ ಮೆಟ್ಟಿದಾಗಲೂ ಮೊಣಕಾಲು ಸ್ವಲ್ಪ ಬಾಗಿರಬೇಕು. ಆಮೇಲೆ ಮೂರು ಕನ್ನಡಿಗಳು, ಆಮೇಲೆ ಬೆಲ್ಟು. ಈ ಅನುಕ್ರಮವನ್ನು ಬದಲಿಸಬೇಡಿ, ಸೀಟು ಸರಿದರೆ ಕನ್ನಡಿಯೂ ಬದಲಾಗುತ್ತದೆ.

ಫೇಲಾದರೆ 7 ದಿನ ಕಳೆದು ಮತ್ತೆ ಹಾಜರಾಗಬಹುದು. ಮೂರು ಸಲವೂ ಆಗದಿದ್ದರೆ ನಡುವೆ 60 ದಿನ ಕಾಯಬೇಕು. ನಾನು ಮನೆಗೆ ಬಂದು, ಅಡಕೆ ಒಣಗಿಸುವ ಅಂಗಳದಲ್ಲಿ ಅಡಕೆಯ ದಬ್ಬೆಗಳನ್ನು ಡಾಲ್ಡಾ ಡಬ್ಬಗಳಲ್ಲಿ ಮಣ್ಣು ತುಂಬಿ ನಿಲ್ಲಿಸಿದೆ. ಅತ್ತೆ ಜಗಲಿಯಲ್ಲಿ ಕುಳಿತು ಯಾವ ದಬ್ಬೆ ಬಿತ್ತೆಂದು ಲೆಕ್ಕ ಹಾಕಿದರು. ಈ ಸಲ ಕಂಬ ಎಣಿಸಲಿಲ್ಲ, ಹಿಂದಿನ ಚಕ್ರವನ್ನು ನೋಡಲು ಕಲಿತೆ. ಕನ್ನಡಿಯನ್ನು ಸ್ವಲ್ಪ ಕೆಳಗೆ ಬಗ್ಗಿಸಿದರೆ ಹಿಂದಿನ ಚಕ್ರವೂ ನೆಲವೂ ಕಾಣುತ್ತವೆ. ಹಿಂದಕ್ಕೆ ಸರಿಯುವಾಗ ಕಾರು ತಿರುಗುವುದು ಹಿಂದಿನ ಒಳಚಕ್ರದ ಸುತ್ತ. ಆ ಚಕ್ರ ಮೂಲೆಯ ಕಂಬದ ನೇರಕ್ಕೆ ಬಂದಾಗ ಸ್ಟಿಯರಿಂಗ್ ತಿರುಗಿಸಿದರೆ, ಕಾರು ಯಾವುದಿರಲಿ, ಚಾಲಕ ಎಷ್ಟೇ ಎತ್ತರವಿರಲಿ, ಲೆಕ್ಕ ಹೆಚ್ಚು ತಪ್ಪುವುದಿಲ್ಲ. ಮುಂದಿನ ಮೂತಿ ಹೊರಗೆ ಬೀಸುತ್ತದೆ, ಅದರ ಮೇಲೂ ಒಂದು ಕಣ್ಣಿರಲಿ.

ಇದೆಲ್ಲ ಸಾಧ್ಯವಾಗುವುದು ಕಾರು ಆಮೆಯಂತೆ ನಡೆದರೆ ಮಾತ್ರ. ಅದಕ್ಕೆ ಹಾಫ್ ಕ್ಲಚ್. ಸಮತಟ್ಟು ನೆಲದಲ್ಲಿ ಮೊದಲ ಗೇರು ಹಾಕಿ, ಆಕ್ಸಿಲರೇಟರ್ ಮುಟ್ಟದೆ, ಕ್ಲಚ್ಚನ್ನು ಕೂದಲೆಳೆಯಷ್ಟೇ ಮೇಲಕ್ಕೆ ಬಿಡುತ್ತ ಬನ್ನಿ. ಒಂದು ಕಡೆ ಕಾರು ಸಣ್ಣಗೆ ನಡುಗುತ್ತದೆ, ಎಂಜಿನ್ನಿನ ದನಿ ತಗ್ಗುತ್ತದೆ. ಪಾದ ಅಲ್ಲಿಯೇ ನಿಲ್ಲಬೇಕು. ಮೊಸರು ಕಡೆಯುವಾಗ ಬೆಣ್ಣೆ ಬಂತೆಂದು ಕೈಗೆ ತಿಳಿಯುತ್ತದಲ್ಲ, ಹಾಗೆ ಇದು ಅಂಗಾಲಿಗೆ ತಿಳಿಯಬೇಕು. ಎರಡು ದಿನ ಬೇರೇನೂ ಮಾಡದೆ ಇದೊಂದನ್ನೇ ಮಾಡಿ. ದಪ್ಪ ಅಟ್ಟೆಯ ಚಪ್ಪಲಿ ಬೇಡ. ನಾನು ತೆಳು ಅಟ್ಟೆಯ ಕ್ಯಾನ್ವಾಸ್ ಬೂಟು ಕೊಂಡೆ, ಸೀರೆಯ ಬದಲು ಚೂಡಿದಾರಕ್ಕೂ ಬಂದೆ.

ದ್ವಿಚಕ್ರದವರಿಗೆ ಇರುವುದು ಎಂಟರ ಆಕಾರ. ಕಾಲು ನೆಲಕ್ಕೆ ತಾಗಬಾರದು. ಒಂದು ಕಾಲದಲ್ಲಿ ಕೇರಳದವರೆಲ್ಲ ಎಂಟು ಹಾಕುತ್ತಿದ್ದುದು ಕೈಯಲ್ಲೇ ಗೇರಿರುವ ಬಜಾಜ್ ಎಂ80 ಗಾಡಿಯಲ್ಲಿ. 2024ರ ಸುಧಾರಣೆಯಲ್ಲಿ ಅದಕ್ಕೆ ವಿದಾಯ ಹೇಳಿದರು. ಗೇರಿನ ಬೈಕಿನ ಲೈಸೆನ್ಸ್ ಬೇಕಾದವರು ಕಾಲಿನಲ್ಲಿ ಗೇರು ಹಾಕುವ ಬೈಕಿನಲ್ಲೇ ಅಭ್ಯಾಸ ಮಾಡುವುದು ಒಳ್ಳೆಯದು. ನಾನು ಕಾರಿಗೆ ಮಾತ್ರ ಅರ್ಜಿ ಹಾಕಿದವಳು, ಇದಕ್ಕಿಂತ ಹೆಚ್ಚು ಹೇಳಲಾರೆ.

ರಸ್ತೆಯ ಪರೀಕ್ಷೆ ಎಚ್‌ನಷ್ಟು ಹೆದರಿಸುವುದಿಲ್ಲ, ಅದಕ್ಕೇ ಜನ ಅಲ್ಲಿ ಮೈಮರೆಯುತ್ತಾರೆ. ಹೊರಡುವ ಮೊದಲು ಕನ್ನಡಿ ನೋಡಿದಿರೆಂದು ಅಧಿಕಾರಿಗೆ ಕಾಣಬೇಕು, ಕಣ್ಣಷ್ಟೇ ಹೊರಳಿಸಿದರೆ ಸಾಲದು, ಕತ್ತು ತಿರುಗಲಿ. ಕೈ ಸನ್ನೆಗಳನ್ನು ಮರೆಯಬೇಡಿ: ಬಲಕ್ಕೆ ತಿರುಗಲು ಬಲಗೈಯನ್ನು ಹೊರಗೆ ನೇರ ಚಾಚುವುದು, ವೇಗ ತಗ್ಗಿಸಲು ಚಾಚಿದ ಕೈಯನ್ನು ಮೇಲೆ ಕೆಳಗೆ ಆಡಿಸುವುದು, ನಿಲ್ಲಿಸಲು ಮೊಣಕೈಯಿಂದ ಮೇಲಕ್ಕೆತ್ತುವುದು. ಏರಿನಲ್ಲಿ ನಿಲ್ಲಿಸಿ ಹೊರಡಬೇಕಾದರೆ ಹ್ಯಾಂಡ್‌ಬ್ರೇಕ್ ಎಳೆದಿಟ್ಟು, ಹಾಫ್ ಕ್ಲಚ್ಚಿಗೆ ಬಂದು, ಸ್ವಲ್ಪ ಆಕ್ಸಿಲರೇಟರ್ ಕೊಟ್ಟು, ಕಾರಿನ ಮೂತಿ ತುಸು ಎದ್ದಾಗ ಬ್ರೇಕ್ ಇಳಿಸಿ. ನಮ್ಮೂರಿನಲ್ಲಿ ಈ ಅಭ್ಯಾಸಕ್ಕೆ ಜಾಗ ಹುಡುಕಬೇಕಾಗಿಲ್ಲ, ಮನೆಯಿಂದ ಹೊರಟರೆ ಏರು, ಬಂದರೆ ಇಳಿಜಾರು. ಮಳೆಗಾಲದಲ್ಲಿ ಕಲಿಯುವವರು ಗಾಜಿಗೆ ಮಂಜು ಹಿಡಿದರೆ ಯಾವ ಗುಂಡಿ ಒತ್ತಬೇಕೆಂದು ಮೊದಲೇ ಕೇಳಿಟ್ಟುಕೊಳ್ಳಿ. ವೈಪರ್ ಹೊರಗಿನ ನೀರನ್ನಷ್ಟೇ ಒರೆಸುತ್ತದೆ.

ಪರೀಕ್ಷೆಯ ದಿನ ಕಲಿಕಾ ಪರವಾನಗಿಯ ಪ್ರತಿ, ದಿನಾಂಕ ನಿಗದಿಯಾದ ಚೀಟಿ, ಮೂಲ ಗುರುತಿನ ಚೀಟಿ, ಕನ್ನಡಕ ಹಾಕುವವರಾದರೆ ಕನ್ನಡಕ, ನೀರಿನ ಬಾಟಲಿ, ಕೊಡೆ. ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಬೇಡಿ. ಸರದಿ ಬರುವಾಗ ಬಿಸಿಲು ನೆತ್ತಿಗೆ ಬಂದಿರುತ್ತದೆ.

ಪಾಸಾದ ಮೇಲೆ ಲೈಸೆನ್ಸನ್ನು ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ಇಳಿಸಿಕೊಳ್ಳಿ, ತಪಾಸಣೆಯಲ್ಲಿ ಅದು ನಡೆಯುತ್ತದೆ. 30 ತುಂಬದವರಿಗೆ 40 ವಯಸ್ಸಿನವರೆಗೆ ಕೊಡುತ್ತಾರೆ. 30 ದಾಟಿ 50ರ ಒಳಗಿರುವವರಿಗೆ 10 ವರ್ಷ. ನನ್ನದನ್ನು ನವೀಕರಿಸುವ ಹೊತ್ತಿಗೆ ನನಗೆ 57 ಆಗಿರುತ್ತದೆ. ದಬ್ಬೆ ನೆಟ್ಟ ಡಬ್ಬಗಳು ಇನ್ನೂ ಅಂಗಳದ ಮೂಲೆಯಲ್ಲಿವೆ. ಪಕ್ಕದ ಮನೆಯ ಸೊಸೆ ಮೊನ್ನೆ ಬಂದು ಎರಡು ದಿನಕ್ಕೆ ಕೇಳಿದ್ದಾಳೆ.