ಕ್ಯಾಮೆರಾ ಆಫ್ ಮಾಡಿದ ಮೇಲೆ ನಮ್ಮ ಮೀಟಿಂಗ್ ದಾರಿಗೆ ಬಂತು

ಶಿವಮೊಗ್ಗದಲ್ಲಿ ನಮ್ಮದು ಟ್ಯಾಕ್ಸ್ ಪ್ರಾಕ್ಟೀಸ್. ಒಟ್ಟು ಹನ್ನೊಂದು ಜನ, ಆಫೀಸಿಗೆ ಬರುವವರು ಇಬ್ಬರೇ. ಉಳಿದವರು ಸಾಗರ, ಸಿರ್ಸಿ, ತೀರ್ಥಹಳ್ಳಿ, ಹಾವೇರಿ ಕಡೆ ಮನೆಯಲ್ಲೇ ಕೂತು ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಎಂಟ್ರಿ, ರಿಟರ್ನ್ ಕೆಲಸ ನೋಡುತ್ತಾರೆ. 2020ರ ಲಾಕ್‌ಡೌನಿನಲ್ಲಿ ಬೇರೆ ದಾರಿಯಿಲ್ಲದೆ ಶುರುವಾದದ್ದು ಹಾಗೇ ಉಳಿಯಿತು. "ಮುಖ ನೋಡದೆ ಕೆಲಸ ತಗೊಳ್ಳೋಕೆ ಆಗಲ್ಲ ಮೇಡಂ, ಆರು ತಿಂಗಳಲ್ಲಿ ಎಲ್ಲರನ್ನೂ ವಾಪಸ್ ಕರೀತೀರಿ ನೋಡಿ" ಅಂತ ನಮ್ಮ ಊರಿನ ಹಿರಿಯ ಪ್ರಾಕ್ಟೀಷನರ್ ಒಬ್ಬರು ಹೇಳಿದ್ದರು. ನಾನು ಕರೆಯಲಿಲ್ಲ. ಆದರೆ ಮೊದಲ ಎರಡು ವರ್ಷ ಕರೆಯುವ ಹಾಗೇ ಆಗಿತ್ತು ಅನ್ನುವುದು ನಿಜ.

ಆಗೆಲ್ಲ ದಿನಾ ಬೆಳಿಗ್ಗೆ ಹತ್ತಕ್ಕೆ ಗೂಗಲ್ ಮೀಟ್. ಎಲ್ಲರೂ ಇರಬೇಕು, ಎಲ್ಲರ ಕ್ಯಾಮೆರಾ ಆನ್ ಇರಬೇಕು. ನಾನು ಒಬ್ಬೊಬ್ಬರನ್ನೇ ಕೇಳುತ್ತಾ ಹೋಗುತ್ತಿದ್ದೆ: "ನಿಮ್ಮದು ಎಲ್ಲಿಗೆ ಬಂತು?" "ಆಗ್ತಾ ಇದೆ ಮೇಡಂ." ಈ 'ಆಗ್ತಾ ಇದೆ' ನನಗೆ ಎಷ್ಟು ದುಬಾರಿಯಾಯಿತು ಹೇಳುತ್ತೇನೆ. ಭದ್ರಾವತಿಯ ಹಾರ್ಡ್‌ವೇರ್ ವ್ಯಾಪಾರಿಯೊಬ್ಬರ ಫೈಲು ಇಬ್ಬರ ಕೈಯಲ್ಲಿತ್ತು. ತಾರೀಖು 9, 10, 11, ಮೂರೂ ದಿನ ಮೀಟಿಂಗಿನಲ್ಲಿ ಆ ಹೆಸರು ಬಂತು, ಮೂರೂ ದಿನ 'ಆಗ್ತಾ ಇದೆ' ಅಂತಲೇ ಉತ್ತರ. ಇವಳು ಹಾಕುತ್ತಾಳೆ ಅಂತ ಅವನು, ಅವನು ಹಾಕುತ್ತಾನೆ ಅಂತ ಇವಳು. 11ಕ್ಕೆ ಹೋಗಬೇಕಿದ್ದ ಜಿಎಸ್‌ಟಿಆರ್-1, ಅಂದರೆ ಮಾರಾಟದ ವಿವರ ಕೊಡುವ ಜಿಎಸ್‌ಟಿ ರಿಟರ್ನ್, ಹೋಗಲೇ ಇಲ್ಲ. 14ಕ್ಕೆ ಜಿಎಸ್‌ಟಿ ಪೋರ್ಟಲಿನಲ್ಲಿ ಬಂದ 2ಬಿ ಪಟ್ಟಿಯಲ್ಲಿ ಅವರಿಂದ ಮಾಲು ಕೊಂಡವರಿಗೆ ಇನ್‌ಪುಟ್, ಅಂದರೆ ಖರೀದಿಯ ಮೇಲೆ ಕೊಟ್ಟ ತೆರಿಗೆಯ ಕ್ರೆಡಿಟ್, ಕಾಣಲಿಲ್ಲ, ಅವರು ಪೇಮೆಂಟ್ ಹಿಡಿದುಬಿಟ್ಟರು. ನಮ್ಮ ಕ್ಲೈಂಟು ಫೈಲು ಎತ್ತಿಕೊಂಡು ಹೋದರು. ವರ್ಷಕ್ಕೆ ಸುಮಾರು 36,000 ಫೀ ಕೊಡುತ್ತಿದ್ದ ಪಾರ್ಟಿ.

ಆಮೇಲೆ ದುಡ್ಡು ಸುರಿದೆ. ಎಲ್ಲರಿಗೂ ಹೆಡ್‌ಸೆಟ್, ಐದು ಜನಕ್ಕೆ ವೆಬ್‌ಕ್ಯಾಮ್. ಸ್ಕ್ರೀನ್ ಮೇಲೆ ಕಣ್ಣಿಡುವ ಸಾಫ್ಟ್‌ವೇರಿಗೆ ಒಂದು ವರ್ಷದ ಚಂದಾ. ಎಲ್ಲಾ ಸೇರಿ 45,000 ದಾಟಿರಬೇಕು. ಸಾಫ್ಟ್‌ವೇರ್ ಹಾಕಿದ ಎರಡನೇ ತಿಂಗಳಿಗೆ ಒಳ್ಳೆಯ ಹುಡುಗಿಯೊಬ್ಬಳು ಕೆಲಸ ಬಿಟ್ಟಳು. "ಅಕ್ಕಾ, ಮಗೂಗೆ ಹಾಲು ಕೊಡೋಕೆ ಎದ್ದರೂ ಕೆಂಪು ತೋರಿಸುತ್ತೆ" ಅಂದಳು. ಅವತ್ತೇ ತೆಗೆಸಿದೆ. ಅವಳು ಮಾತ್ರ ವಾಪಸ್ ಬರಲಿಲ್ಲ, ಅದರ ಬೇಸರ ನನಗೆ ಇನ್ನೂ ಹೋಗಿಲ್ಲ.

ಜೂಮಿನ ಉಚಿತ ಖಾತೆಯಲ್ಲಿ 40 ನಿಮಿಷಕ್ಕೆ ಕಟ್ ಆಗುತ್ತದಲ್ಲ, ಅದನ್ನೇ ಬೇಲಿ ಮಾಡಿಕೊಂಡರೆ ಹೇಗೆ ಅಂತ ಒಂದು ತಿಂಗಳು ನೋಡಿದೆ. ಪ್ರಯೋಜನವಾಗಲಿಲ್ಲ. ಮುಖ್ಯ ವಿಷಯ ಯಾವಾಗಲೂ 38ನೇ ನಿಮಿಷಕ್ಕೇ ಬರುತ್ತಿತ್ತು.

ಒಂದು ದಿನ ಲೆಕ್ಕ ಹಾಕಿದೆ. ಹನ್ನೊಂದು ಜನ, ದಿನಕ್ಕೆ ಒಂದು ಗಂಟೆ, ವಾರಕ್ಕೆ ಆರು ದಿನ. ಸರಾಸರಿ ಸಂಬಳ 22,000 ಅಂತ ಇಟ್ಟುಕೊಂಡರೆ ಗಂಟೆಗೆ ನೂರು ರೂಪಾಯಿ ಮೇಲೆ. ತಿಂಗಳಿಗೆ ಹತ್ತಿರ ಹತ್ತಿರ 30,000 ಬರೀ 'ಆಗ್ತಾ ಇದೆ' ಕೇಳುವುದಕ್ಕೇ ಹೋಗುತ್ತಿತ್ತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಈಗ ಮಾಡುವುದು ಹೀಗೆ. ಬೆಳಿಗ್ಗೆ 9.30ರೊಳಗೆ ಎಲ್ಲರೂ ಗೂಗಲ್ ಶೀಟಿನಲ್ಲಿ ಸಿಕ್ಕಿಹಾಕಿಕೊಂಡಿರುವ ಕೆಲಸ ಮಾತ್ರ ಬರೆಯಬೇಕು. ಯಾವ ಪಾರ್ಟಿ, ಎಲ್ಲಿ ನಿಂತಿದೆ, ಯಾರಿಂದ ಏನು ಬೇಕು. ಸರಾಗವಾಗಿ ನಡೆಯುತ್ತಿರುವುದನ್ನು ಬರೆಯುವ ಹಾಗಿಲ್ಲ. 9.40ಕ್ಕೆ ಕಾಲ್. ಶೀಟಿನಲ್ಲಿ ಹೆಸರಿದ್ದವರಷ್ಟೇ ಬರುತ್ತಾರೆ, ಕೆಲವು ದಿನ ನಾಲ್ಕೇ ಜನ. ಕ್ಯಾಮೆರಾ ಆಫ್, ಬರೀ ದನಿ, ಕಣ್ಣೆದುರು ಶೀಟು. ಎಲ್ಲರಿಗಿಂತ ಕಿರಿಯರು ಮೊದಲು ಮಾತಾಡಬೇಕು, ನಾನು ಕೊನೆಗೆ. ಮೊದಲು ನಾನೇ ಬಾಯಿ ತೆರೆದರೆ ಉಳಿದವರೆಲ್ಲ "ಹೌದು ಮೇಡಂ" ಅಂದು ಮುಗಿಸುತ್ತಾರೆ.

ಇದರಲ್ಲೆಲ್ಲ ಮುಖ್ಯವಾದದ್ದು ಒಂದು. ಕೆಲಸವನ್ನು ನಾನು ಯಾರಿಗೂ ಹಂಚುವುದಿಲ್ಲ. ತೆಗೆದುಕೊಳ್ಳುವವರೇ ದನಿ ಎತ್ತಿ ಹೇಳಬೇಕು: "ಬ್ಯಾಂಕ್ ಸ್ಟೇಟ್‌ಮೆಂಟ್ ನಾನು ತರಿಸ್ತೀನಿ, 17ಕ್ಕೆ." ಹೆಸರು, ತಾರೀಖು ಎರಡೂ ಅವರ ಬಾಯಿಂದಲೇ ಬರಬೇಕು. ಬರುವವರೆಗೆ ಮುಂದಿನ ಸಾಲಿಗೆ ಹೋಗುವುದಿಲ್ಲ. ಮೊದಲ ವಾರ ಒಂದೊಂದು ಸಲ ಅರ್ಧ ನಿಮಿಷ ಎಲ್ಲರೂ ಸುಮ್ಮನಿದ್ದರು. ನಾನೂ ಸುಮ್ಮನಿದ್ದೆ. ಆಮೇಲೆ ಯಾರೋ ಒಬ್ಬರು "ಆಯ್ತು, ನಾನು" ಅಂದರು. ಸಾಲುಗಳನ್ನು ಯಾವ ಕ್ರಮದಲ್ಲಿ ಎತ್ತಿಕೊಳ್ಳುತ್ತೇನೆ, ನನ್ನದೇ ಬೇರೆ ಶೀಟಿನಲ್ಲಿ ಏನು ಗುರುತು ಹಾಕುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ.

ಮಳೆಗಾಲದ ಕಥೆ ಬೇರೆ. ಜೂನ್ ಬಂತೆಂದರೆ ತೀರ್ಥಹಳ್ಳಿ ಕಡೆ ಕರೆಂಟು ದಿನಕ್ಕೆ ಆರೇಳು ಸಲ ಹೋಗುತ್ತದೆ. ರೌಟರಿಗೆ ಹಾಕುವ 12 ವೋಲ್ಟಿನ ಮಿನಿ ಯುಪಿಎಸ್ ಆರು ತರಿಸಿದೆ, ಒಂದಕ್ಕೆ 1,500ರ ಆಸುಪಾಸು. ಹಾಕಿದ ಮೇಲೂ ಇಬ್ಬರ ನೆಟ್ ಹೋಗುತ್ತಲೇ ಇತ್ತು. ವಾರ ಕಳೆದ ಮೇಲೆ ಒಬ್ಬ ಹುಡುಗ ಗೋಡೆಯ ಫೋಟೋ ಕಳಿಸಿದ. ವೈಫೈ ರೌಟರಿನ ದೀಪ ಹಸಿರಾಗಿದೆ, ಪಕ್ಕದಲ್ಲಿ ಫೈಬರ್ ಬಂದು ಸೇರುವ ಇನ್ನೊಂದು ಡಬ್ಬಿ ಕತ್ತಲೆ. ಅದಕ್ಕೂ ಕರೆಂಟು ಬೇಕಲ್ಲ! ಎರಡು ಔಟ್‌ಪುಟ್ ಇರುವ ಯುಪಿಎಸ್ ಕೊಡಿಸಿದೆ, ಸರಿಹೋಯಿತು. ನಾನು ಮಾಡಿದ ಖರ್ಚಿನಲ್ಲೆಲ್ಲ ವಸೂಲಾದದ್ದು ಇದೊಂದೇ. ಫೈಬರ್ ಮೇಲೇ ಮರ ಬಿದ್ದ ದಿನ ಮೊಬೈಲ್ ಡೇಟಾದಲ್ಲಿ ಬರುತ್ತಾರೆ. ವಿಡಿಯೋ ಇಲ್ಲದ್ದರಿಂದ ಒಂದೇ ಕಡ್ಡಿ ಸಿಗ್ನಲ್ ಇದ್ದರೂ ದನಿ ಕೇಳುತ್ತದೆ.

ಇನ್ನೊಂದು ಪ್ರಯತ್ನ ಮಾಡಿದೆ, ಅದರಿಂದ ಇಷ್ಟು ಲಾಭವಾದೀತು ಅಂದುಕೊಂಡಿರಲಿಲ್ಲ. ಶೀಟನ್ನು ಕನ್ನಡದಲ್ಲಿ ಬರೆಯಿರಿ ಅಂದೆ. ಮೊದಲು "ಪೆಂಡಿಂಗ್ ಫ್ರಂ ಪಾರ್ಟಿ" ಅಂತ ಬರೆದು ಮುಗಿಸುತ್ತಿದ್ದರು. ಈಗ "ಸಾಹುಕಾರರು ಖರೀದಿ ಬಿಲ್ಲು ಕೊಟ್ಟಿಲ್ಲ, ಮೂರು ಸಲ ಫೋನ್ ಮಾಡಿದೆ, ಮಗ ಎತ್ತುತ್ತಾನೆ" ಅಂತ ಬರೆಯುತ್ತಾರೆ. ಯಾರು ಮಾತಾಡಿದರೆ ಬಿಲ್ಲು ಬರುತ್ತದೆ ಅಂತ ಓದಿದ ಕೂಡಲೇ ಗೊತ್ತಾಗುತ್ತದೆ. ವರ್ಷವಿಡೀ ಮೀಟಿಂಗಿನಲ್ಲಿ ದನಿಯೇ ಎತ್ತದಿದ್ದ ಹಾವೇರಿಯ ಹುಡುಗಿ ಈಗ ಎಲ್ಲರಿಗಿಂತ ಚೆನ್ನಾಗಿ ವಿಷಯ ಹೇಳುತ್ತಾಳೆ.

ಮೀಟಿಂಗ್ ಈಗ ಸರಾಸರಿ 18-19 ನಿಮಿಷ. ತಿಂಗಳ ಜಿಎಸ್‌ಟಿ ಕಟ್ಟಿ ರಿಟರ್ನ್ ಹಾಕುವ ಕೊನೆಯ ದಿನವಾದ 20ನೇ ತಾರೀಖಿನ ಹಿಂದಿನ ಎರಡು ದಿನ ಸ್ವಲ್ಪ ಉದ್ದ. ಎರಡು ವರ್ಷ ಆಗುತ್ತಾ ಬಂತು, 140 ಚಿಲ್ಲರೆ ಪಾರ್ಟಿಗಳಲ್ಲಿ ನಮ್ಮ ತಪ್ಪಿನಿಂದ ರಿಟರ್ನ್ ತಡವಾಗಿ ಯಾರಿಗೂ ದಿನಕ್ಕೆ 50 ರೂಪಾಯಿಯ ಲೇಟ್ ಫೀ ಬಿದ್ದಿಲ್ಲ. ಇದು ನನಗೆ ಹೆಮ್ಮೆ. ಆ ಹಿರಿಯರು ಹೋದ ತಿಂಗಳು ಫೋನ್ ಮಾಡಿ "ಆ ಶೀಟು ಸ್ವಲ್ಪ ಕಳಿಸಿ ಮೇಡಂ" ಅಂದರು. ಕಳಿಸಿದೆ.

ಹೊಸಬರಿಗೆ ಮಾತ್ರ ಇದು ನಡೆಯುವುದಿಲ್ಲ. ತಾವು ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇವೆ ಅನ್ನುವುದೇ ಅವರಿಗೆ ತಿಳಿಯುವುದಿಲ್ಲ, ಶೀಟು ಖಾಲಿ ಬಿಡುತ್ತಾರೆ. ಹಾಗಾಗಿ ಮೊದಲ ಎರಡು ತಿಂಗಳು ಅವರ ಜೊತೆ ದಿನಾ ಸಂಜೆ ಮುಕ್ಕಾಲು ಗಂಟೆ ನಾನೇ ಕೂರುತ್ತೇನೆ, ಸ್ಕ್ರೀನ್ ಶೇರ್ ಮಾಡಿಸಿಕೊಂಡು, ಕ್ಯಾಮೆರಾ ಆನ್ ಮಾಡಿಸಿಕೊಂಡು.