ಜಪಾನಿನ ಸಚಿವರೊಬ್ಬರ ರಾಜಕೀಯ ಜೀವನವನ್ನು ಕುರಿತು ಸೆಮಿನಾರ್ ಪ್ರಬಂಧ ಬರೆಯುವ ಬಗೆ

ಕಾಸರಗೋಡಿನ ಹೈಯರ್ ಸೆಕೆಂಡರಿಯ ಕನ್ನಡ ಮಕ್ಕಳು ವಿದೇಶಿ ರಾಜಕಾರಣಿಯೊಬ್ಬರ ಬಗ್ಗೆ ಬರೆಯುವಾಗ ಅವರು ವಹಿಸಿಕೊಂಡ ಖಾತೆಗಳ ಪಟ್ಟಿಯನ್ನು ಒಪ್ಪಿಸಿ ಮುಗಿಸುವುದುಂಟು. ಜಪಾನಿನಲ್ಲಿ ಸಂಪುಟ ಪುನಾರಚನೆ ಮೇಲಿಂದ ಮೇಲೆ ನಡೆಯುವುದರಿಂದ ಅಂತಹ ಪಟ್ಟಿ ಉದ್ದವಾಗುತ್ತದೆಯೇ ಹೊರತು ವ್ಯಕ್ತಿಯ ಪರಿಚಯವಾಗುವುದಿಲ್ಲ. ಲಿಬರಲ್ ಡೆಮಾಕ್ರಟಿಕ್ ಪಕ್ಷದಿಂದ ಹಲವು ಖಾತೆಗಳ ಸಚಿವರಾಗಿದ್ದ ಕೋನೊ ತಾರೋ ಅವರನ್ನು ಉದಾಹರಣೆಯಾಗಿ ಇಟ್ಟುಕೊಂಡು ಬೇರೊಂದು ದಾರಿಯನ್ನು ಹೇಳುತ್ತೇನೆ.

ಮೊದಲು ಹೆಸರನ್ನು ಖಚಿತಪಡಿಸಿಕೊಳ್ಳಿ. ಜಪಾನಿನಲ್ಲಿ ಮನೆತನದ ಹೆಸರು ಮುಂದೆ ಬರುತ್ತದೆ. ಇಂಗ್ಲಿಷ್ ಬರಹಗಳಲ್ಲಿ ಕಾಣುವ ತಾರೋ ಕೋನೊ ಇವರೇ, ಆದರೆ ಮಾಜಿ ಪ್ರಧಾನಿ ಆಸೋ ತಾರೋ ಬೇರೆಯವರು.

ಅನಂತರ ಕ್ಷೇತ್ರವನ್ನು ನೋಡಿ. ಮಂಜೇಶ್ವರದ ಮತದಾರರು ವಿಧಾನಸಭೆಗೆ ಒಂದೇ ಮತ ಹಾಕುತ್ತಾರೆ. ಜಪಾನಿನ ಕೆಳಮನೆಗೆ ಪ್ರತಿಯೊಬ್ಬರೂ ಕ್ಷೇತ್ರದ ಅಭ್ಯರ್ಥಿಗೊಂದು, ಪಕ್ಷಕ್ಕೊಂದು ಎಂದು ಎರಡು ಮತ ಹಾಕುತ್ತಾರೆ. ಕ್ಷೇತ್ರದಲ್ಲಿ ಸೋತವರು ಪಕ್ಷದ ಪಟ್ಟಿಯ ಮೂಲಕ ಒಳಗೆ ಬರಬಹುದಾದ್ದರಿಂದ, ನಿಮ್ಮ ಸಚಿವರು ಯಾವ ದಾರಿಯಿಂದ ಗೆದ್ದರೆಂಬುದನ್ನು ತಪ್ಪದೆ ಬರೆಯಿರಿ. ಕೋನೊ 1996ರಲ್ಲಿ, ಈ ಪದ್ಧತಿಯ ಮೊದಲ ಚುನಾವಣೆಯಲ್ಲೇ, ಕನಗಾವಾ 15ನೇ ಕ್ಷೇತ್ರದಿಂದ ಆರಿಸಿ ಬಂದರು. ಅಜ್ಜ ಇಚಿರೋ ಸಚಿವರಾಗಿದ್ದರು, ತಂದೆ ಯೋಹೇ ವಿದೇಶಾಂಗ ಸಚಿವರೂ ಲಿಬರಲ್ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷರೂ ಆಗಿದ್ದರು ಎಂಬುದಕ್ಕೆ ಎರಡು ವಾಕ್ಯ ಸಾಕು.

ಇನ್ನು ಪ್ರಬಂಧದ ಹುರುಳು ಇರುವುದು ಖಾಲಿ ಕಾಣುವ ವರ್ಷಗಳಲ್ಲಿ. ಇಂತಹ ಮನೆತನದ ಕೋನೊ ಮೊದಲ ಬಾರಿ ಸಂಪುಟ ಸೇರಿದ್ದು 2015ರಲ್ಲಿ, ಸಂಸತ್ತಿಗೆ ಬಂದು 19 ವರ್ಷಗಳ ಮೇಲೆ. ಆ ಅವಧಿಯಲ್ಲಿ ಅವರು ಸ್ವಂತ ಪಕ್ಷದ ಪರಮಾಣು ಇಂಧನ ನೀತಿಯನ್ನು ಬಹಿರಂಗವಾಗಿ ವಿರೋಧಿಸಿದ್ದರು. 2009ರಲ್ಲಿ ಪಕ್ಷಾಧ್ಯಕ್ಷ ಸ್ಥಾನಕ್ಕೆ ನಿಂತು ಸೋತಿದ್ದರು. ಸಚಿವರಾದ ಮೇಲೆ ಆ ವಿರೋಧದ ದನಿ ತಗ್ಗಿತು. ಇದನ್ನು ಮುಚ್ಚಿಡದೆ ಬರೆಯಬೇಕೆಂಬುದು ನನ್ನ ಖಚಿತವಾದ ಅಭಿಪ್ರಾಯ.

ಖಾತೆಗಳ ವಿಷಯಕ್ಕೆ ಬಂದಾಗ ಒಂದೊಂದಕ್ಕೆ ಒಂದು ನಿರ್ಧಾರವನ್ನು ಮಾತ್ರ ಆರಿಸಿಕೊಳ್ಳಿ. 2017ರಿಂದ 2019ರವರೆಗೆ ವಿದೇಶಾಂಗವನ್ನು ನೋಡಿಕೊಂಡ ಕೋನೊ, ರಕ್ಷಣಾ ಸಚಿವರಾಗಿ 2020ರಲ್ಲಿ ಅಕಿಟಾ ಮತ್ತು ಯಾಮಗುಚಿಯಲ್ಲಿ ನೆಲೆಗೊಳಿಸಬೇಕಿದ್ದ ಏಜಿಸ್ ಅಶೋರ್ ಕ್ಷಿಪಣಿ ತಡೆ ಯೋಜನೆಯನ್ನು ನಿಲ್ಲಿಸಿದರು. 2022ರಿಂದ 2024ರವರೆಗೆ ಡಿಜಿಟಲ್ ಸಚಿವರಾಗಿದ್ದಾಗ, ಸರ್ಕಾರಿ ಅರ್ಜಿಗಳಿಗೆ ಫ್ಲಾಪಿ ಡಿಸ್ಕ್ ಕಡ್ಡಾಯ ಮಾಡಿದ್ದ ನಿಯಮಗಳನ್ನು ತೆಗೆಸಿದರು.

ಕೊನೆಗೆ ಪಕ್ಷದೊಳಗಿನ ಮತಗಳನ್ನು ಬಿಡಿಸಿ ಬರೆಯಿರಿ, ಏಕೆಂದರೆ ಆಳುವ ಪಕ್ಷದವರಿಗೆ ಪ್ರಧಾನಿಯಾಗುವ ದಾರಿ ಪಕ್ಷಾಧ್ಯಕ್ಷ ಚುನಾವಣೆಯ ಮೂಲಕವೇ ಹಾಯುತ್ತದೆ. 2021ರ ಮೊದಲ ಸುತ್ತಿನಲ್ಲಿ ಕಿಶಿದಾ ಫುಮಿಯೋ ಅವರಿಗೆ 256, ಕೋನೊ ಅವರಿಗೆ 255 ಮತ ಬಂದವು. ಕೋನೊ ಪಡೆದುದರಲ್ಲಿ 169 ಸಾಮಾನ್ಯ ಸದಸ್ಯರ ಪಾಲಿನವು, 86 ಮಾತ್ರ ಸಂಸದರವು. ಸಂಸದರ ತೂಕ ಹೆಚ್ಚಿದ ಎರಡನೆಯ ಸುತ್ತಿನಲ್ಲಿ ಅವರು ಸೋತರು. 2024ರಲ್ಲಿ ಮತ್ತೆ ನಿಂತಾಗ ಸಾಮಾನ್ಯ ಸದಸ್ಯರ ಪಾಲು 8ಕ್ಕೆ ಕುಸಿಯಿತು. ಆರೋಗ್ಯ ವಿಮೆಯ ಕಾರ್ಡನ್ನು ಗುರುತಿನ ಸಂಖ್ಯೆಯ ಕಾರ್ಡಿಗೆ ಸೇರಿಸಲು ಅವರು ಹಿಡಿದ ಪಟ್ಟಿನ ಬಗ್ಗೆ ಜನರಲ್ಲಿದ್ದ ಅಸಮಾಧಾನವನ್ನು ಈ ಎರಡು ಅಂಕಿಗಳ ನಡುವೆ ಇಟ್ಟು ಚರ್ಚಿಸಿ.